ಸರಿ ಬೆಸ

ನಿಗಮದ ಕಚೇರಿಗೆ ಎದುರು ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ, ಅರ್ಜಿ ತುಂಬಿಸಿಕೊಟ್ಟರೆ ಮೂವತ್ತು.
ಕಾಯುವವರಿಗೆ ಬೆಂಚು ಬಿಟ್ಟಿ.

ದೇವೀರಮ್ಮ ಬಂದದ್ದು ಮೂಡಿಗೆರೆಯ ಮೊದಲ ಬಸ್ಸಿಗೆ,
ಆಲ್ದೂರಿನ ತನಕ ನಿಂತೇ ಬಂದೆ ಅಂದಳು.
ಬೆರಳ ತುದಿಗೆಲ್ಲ ಬಿದಿರ ಸೀಳು ಕೊಯ್ದ ಗೆರೆ,
ಹೆಬ್ಬೆಟ್ಟು ಒತ್ತಿದರೆ ಯಂತ್ರಕ್ಕೆ ಅವಳು ಯಾರೆಂದು ತಿಳಿಯಲಿಲ್ಲ.
ಸೆರಗಲ್ಲಿ ಒರೆಸಿ ಮತ್ತೆ ಒತ್ತಿದಳು, ಇಲ್ಲ.
ಕೊನೆಗೆ ಎಡಗೈ ಕಿರುಬೆರಳು,
ಕತ್ತಿಗೆ ಸಿಗದೆ ಉಳಿದದ್ದು ಅದೊಂದೇ,
ಹೌದು, ಇವಳೇ ಎಂದಿತು.

ತಂದೆಯ ಹೆಸರು? ಕೇತಯ್ಯ.
ಜಾತಿ ಪ್ರಮಾಣಪತ್ರ? ಲ್ಯಾಮಿನೇಷನ್ ಮಾಡಿಸಿಟ್ಟಿದೀನಿ.
ಉದ್ಯಮ?
"ಕುಕ್ಕೆ. ಕಾಫಿ ಕುಯ್ಯೋ ಕುಕ್ಕೆ, ಕೋಳಿ ಮುಚ್ಚೋ ಬುಟ್ಟಿ,
ಗೌರಿ ಹಬ್ಬ ಬಂದ್ರೆ ಬಾಗಿನದ ಮೊರ."
ಅರ್ಜಿಯಲ್ಲಿ ಹೈನುಗಾರಿಕೆ ಇತ್ತು, ಕಿರಾಣಿ ಇತ್ತು,
ಬ್ಯೂಟಿ ಪಾರ್ಲರಿತ್ತು, ಟ್ಯಾಕ್ಸಿ ಇತ್ತು.
ಬಿದಿರಿಗೆ ಚೌಕ ಇರಲಿಲ್ಲ.
'ಇತರೆ' ಎಂದು ಗುರುತು ಹಾಕಿದೆ.

ಕೆಲಸದ ಜಾಗ? "ಮೋರಿ ಪಕ್ಕದ ಸಂಪಿಗೆ ಮರ."
ಬಾಡಿಗೆ ಕರಾರು? "ಮರಕ್ಕಾ?"
ಬಿದಿರು ಕೊಟ್ಟವರ ಜಿಎಸ್‌ಟಿ ಬಿಲ್ಲು?
ಅವಳು ಚಾರ್ಮಾಡಿಯ ದಿಕ್ಕಿಗೆ ಗಲ್ಲ ಎತ್ತಿ ತೋರಿಸಿದಳು.
ನಾನು 'ಡಿಪೋ' ಎಂದು ಬರೆದೆ.
ಮೂವತ್ತು ರೂಪಾಯಿಯಲ್ಲಿ
ಅಷ್ಟು ಸುಳ್ಳು ಸೇರಿರುತ್ತದೆ.

ಬೆಂಚಿನ ಮೇಲೆ ಕಾಗದ ಹರವಿ ಎಣಿಸಿದಳು. ಹನ್ನೊಂದು.
"ಒಳ್ಳೇದಾಯ್ತು, ಬೆಸ."
ಯಾಕೆ ಎಂದೆ.
"ಬುಡಕ್ಕೆ ದಬ್ಬೆ ಬೆಸ ಇರಬೇಕು ಕಣಪ್ಪ.
ಸರಿ ಇಟ್ಟರೆ ಎರಡನೇ ಸುತ್ತೂ ಮೊದಲನೇದರ ಜಾಡೇ ಹಿಡಿಯುತ್ತೆ,
ಮೇಲಿದ್ದದ್ದು ಮೇಲೇ, ಕೆಳಗಿದ್ದದ್ದು ಕೆಳಗೇ.
ಎತ್ತಿದರೆ ಬುಡ ಬಿಚ್ಚಿಕೊಳ್ಳುತ್ತೆ.
ಬೆಸ ಇಟ್ಟು ನೋಡು,
ಈ ಸುತ್ತಲ್ಲಿ ಮೇಲೆ ಹಾದದ್ದು
ಮುಂದಿನ ಸುತ್ತಿಗೆ ಕೆಳಗೆ ಬರಲೇಬೇಕು."

ಎದುರಿಗೆ ಹೋದಳು. ಗಡಿಯಾರ ಹನ್ನೆರಡು ದಾಟಿತು.
ನಾನು ಮೂರು ಪಹಣಿ, ಒಂದು ಮದುವೆ ಪತ್ರಿಕೆ ಮುಗಿಸಿದೆ.

ಬಂದು ಕೂತವಳು ಮೊದಲು ನೀರು ಕೇಳಿದಳು.
ಸಾಲ ಒಂದು ಲಕ್ಷವಂತೆ.
ಅದರಲ್ಲೇ ಸಹಾಯಧನ ಅರ್ಧ,
ಅದು ಬ್ಯಾಂಕಿನಲ್ಲೇ ಮೂರು ವರ್ಷ ಮಲಗಿರುತ್ತದಂತೆ,
ಎಬ್ಬಿಸುವ ಹಾಗಿಲ್ಲವಂತೆ.
"ಬಿದಿರನ್ನೂ ನಾವು ಕೆರೇಲಿ ಮಲಗಿಸ್ತೀವಿ.
ಮೂರು ವಾರ.
ಮೂರು ವರ್ಷ ಬಿಟ್ಟರೆ ತೆಗೆಯೋಕೆ ಏನಿರುತ್ತೆ?"

ಮತ್ತೆ? ಬ್ಯಾಂಕಿನ ಬೇಬಾಕಿ ಪತ್ರ ತಾ ಎಂದನಂತೆ ಗುಮಾಸ್ತ,
ಎಲ್ಲ ಸರಿ ಇರಬೇಕಮ್ಮ ಅಂದನಂತೆ.
"ತಂದೆ. ಮೂಲೆಯ ಬ್ಯಾಂಕಲ್ಲೇ ಬರೆದುಕೊಟ್ಟರು.
ಹನ್ನೆರಡಾಯ್ತು ಈಗ. ಸರಿ ಆಗೋಯ್ತು."
ನಕ್ಕಳೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಳೋ.

ಹನ್ನೆರಡಾದರೆ ಏನು ಮಾಡ್ತೀರಿ?
"ಒಂದು ದಬ್ಬೆ ಸೀಳ್ತೀವಿ. ಹದಿಮೂರು ಆಗುತ್ತೆ."

ಮೂವತ್ತು ರೂಪಾಯಿ ಎಣಿಸಿಟ್ಟು
ರಸೀದಿ ಕೊಡು ಎಂದಳು.
ಹತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಬಿಲ್ ಪುಸ್ತಕ ನನ್ನಲ್ಲೂ ಇಲ್ಲ,
ಅಂಗಡಿಗೆ ಪರವಾನಗಿ ಇದೆಯೇ ಎಂದು ಯಾರಾದರೂ ಕೇಳಿದರೆ
ನಾನೂ ಯಾವುದೋ ದಿಕ್ಕಿಗೆ ಗಲ್ಲ ಎತ್ತಬೇಕು.

ಒಂದು ಬಿಳಿ ಹಾಳೆ ತೆಗೆದು
ಸ್ಕೇಲಿಟ್ಟು ಉದ್ದಕ್ಕೆ ಸೀಳಿದೆ.
ಅರ್ಧದಲ್ಲಿ ಬರೆದೆ: ದೇವೀರಮ್ಮ, ಬಿದಿರು ಉದ್ಯಮಿ, ಮೂವತ್ತು, ಪಾವತಿ.
ಸಹಿ, ತಾರೀಖು.
ಮಡಿಸದೆ ಕಡತದ ನಡುವೆ ಸಿಕ್ಕಿಸಿ
ಒಳಗೆ ಕೊಟ್ಟು ಬಂದಳು, ಒಂದೂಮುಕ್ಕಾಲರ ಬಸ್ಸು ಹಿಡಿದಳು.

ಮಂಜೂರಾಯಿತೋ ಇಲ್ಲವೋ,
ರಸ್ತೆ ದಾಟಿ ಕೇಳಲು ಇನ್ನೂ ಹೋಗಿಲ್ಲ.
ಕುಯ್ಲು ಶುರುವಾಗಿದೆ, ಲಾರಿಗಳಲ್ಲಿ ನೀಲಿ ಪ್ಲಾಸ್ಟಿಕ್ ಕುಕ್ಕೆ ಹೋಗುತ್ತಿವೆ.
ಉಳಿದರ್ಧ ಹಾಳೆ
ಮೇಜಿನ ಗಾಜಿನ ಕೆಳಗಿದೆ.